ಹಳೆಯ ಫ್ಲ್ಯಾಷಿಗೆ ಹೊಸ ಸೆಲ್ಲು

ಕೆಟ್ಟುಹೋಯಿತೆಂದು ಬದಿಗಿಟ್ಟ ಹಳೆಯ ಕ್ಯಾಮೆರಾ ಫ್ಲ್ಯಾಷ್‌ಗಳಲ್ಲಿ ಎಷ್ಟೋ ಸಲ ನಿಜವಾಗಿ ಕೆಟ್ಟಿರುವುದು ಹೊಟ್ಟೆಯೊಳಗಿನ ಸೆಲ್ಲು ಮಾತ್ರ. ಬೆಳಕು ಕೊಡುವ ಗಾಜಿನ ಕೊಳವೆ ಹಾಗೇ ಇರುತ್ತದೆ. ಅದನ್ನು ಹೊತ್ತಿಸುವ ಸರ್ಕೀಟೂ ಚೆನ್ನಾಗಿಯೇ ಇರುತ್ತದೆ. ಹತ್ತು ವರ್ಷ ಬಾಳುವ ಸೆಲ್ಲಿನ ಜೊತೆ ನಲವತ್ತು ವರ್ಷ ಬಾಳುವ ಯಂತ್ರವನ್ನು ಒಂದೇ ಚೀಲದಲ್ಲಿ ಕಟ್ಟಿ ಗುಜರಿಗೆ ಹಾಕುವುದು ವಯನಾಡಿನಲ್ಲೂ ನಡೆದಿದೆ, ಮೈಸೂರಿನಲ್ಲೂ ನಡೆದಿದೆ. ಅದು ನಿಲ್ಲಬೇಕು ಎಂಬುದಕ್ಕೇ ಈ ಬರಹ.

ನನ್ನ ಅಕ್ಕನನ್ನು ಕೊಟ್ಟ ಮನೆ ವಯನಾಡಿನ ಕಲ್ಪೆಟ್ಟದ ಹತ್ತಿರ. ಕರ್ನಾಟಕದ ಕಡೆಯಿಂದ ಎಷ್ಟೋ ತಲೆಮಾರುಗಳ ಹಿಂದೆ ಘಟ್ಟದ ಈ ಸೀಮೆಗೆ ಬಂದು, ಕಾಫಿ ಮೆಣಸು ಬೆಳೆದುಕೊಂಡು, ಹೊರಗೆ ಮಲಯಾಳ ಮನೆಯೊಳಗೆ ಕನ್ನಡ ಅಂತ ಬಾಳುತ್ತಿರುವ ಜೈನ ಕುಟುಂಬಗಳಲ್ಲಿ ಅದೂ ಒಂದು. ಭಾವನಿಗೆ ತೋಟದ ಕೆಲಸದ ಜೊತೆಗೆ ಫೋಟೊ ತೆಗೆಯುವ ಹುಚ್ಚು. ನೆಂಟರ ಮದುವೆ, ನಾಮಕರಣ, ಪುಳಿಯಾರ್ಮಲದ ಅನಂತನಾಥ ಬಸದಿಯ ಪೂಜೆ, ಎಲ್ಲಕ್ಕೂ ಅವರದೇ ಕ್ಯಾಮೆರಾ. ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾದ ಪಕ್ಕದಲ್ಲಿ, ಸುತ್ತಿಗೆಯ ಹಾಗೆ ಎದ್ದು ನಿಲ್ಲುವ ಮೆಟ್ಜ್ 45 ಸಿಟಿ-1 ಫ್ಲ್ಯಾಷ್. ಕ್ಯಾಮೆರಾಕ್ಕಿಂತ ಫ್ಲ್ಯಾಷೇ ಭಾರ. ಹಿಡಿಕೆಯೊಳಗೆ ಬ್ಯಾಟರಿ, ಮೇಲೆ ತಲೆ, ನಡುವೆ ಕ್ಯಾಮೆರಾಕ್ಕೆ ಹೋಗುವ ಸುರುಳಿ ವೈರು.

ಜರ್ಮನಿಯ ಮೆಟ್ಜ್ ಕಂಪನಿ ಈ ಮಾದರಿಯನ್ನು 1976ರಲ್ಲಿ ಹೊರತಂದಿತು. ಹೆಸರಿನಲ್ಲಿರುವ 45 ಅದರ ಗೈಡ್ ನಂಬರ್. ನೂರು ಐಎಸ್‌ಒ ಫಿಲ್ಮಿಗೆ, ಮೀಟರಿನ ಲೆಕ್ಕದಲ್ಲಿ. ಲೆನ್ಸನ್ನು ಎಫ್ 8ರಲ್ಲಿ ಇಟ್ಟರೆ 45ನ್ನು ಎಂಟರಿಂದ ಭಾಗಿಸಿ ಐದೂವರೆ ಮೀಟರ್ ಚಿಲ್ಲರೆ ದೂರದವರೆಗೆ ಬೆಳಕು ಸರಿಯಾಗಿ ಬೀಳುತ್ತದೆ. ಚಪ್ಪರದ ಕೊನೆಯ ಸಾಲಿನವರೆಗೂ ಮುಖಗಳು ಕಾಣುವಷ್ಟು ಬಲ. ಮಳೆಗಾಲದಲ್ಲಿ ಮಧ್ಯಾಹ್ನಕ್ಕೇ ಮುಸ್ಸಂಜೆಯಾಗುವ ಊರಿನಲ್ಲಿ, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಮದುವೆಮನೆಯಲ್ಲಿ, ಫೋಟೊ ತೆಗೆಯುವವನ ಮರ್ಯಾದೆ ಉಳಿಸುತ್ತಿದ್ದದ್ದು ಈ ಐದೂವರೆ ಮೀಟರ್.

ಡಿಜಿಟಲ್ ಕ್ಯಾಮೆರಾ ಬಂದಮೇಲೆ ಮೆಟ್ಜ್ ಬೀರು ಸೇರಿತು. ಮತ್ತೆ ಹೊರಗೆ ತೆಗೆದದ್ದು ಅಕ್ಕನ ಮಗಳಿಗೆ ಫಿಲ್ಮ್ ಕ್ಯಾಮೆರಾದ ಮೇಲೆ ಆಸೆ ಹುಟ್ಟಿದ ಮೇಲೆ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಸ್ವಿಚ್ ಒತ್ತಿದರೆ ಜೀವವಿಲ್ಲ. “ಮಾವ, ಇದು ಮುಗೀತು ಅನ್ಸುತ್ತೆ” ಅಂದಳು. ಭಾವ ಅದನ್ನು ಕಿವಿಯ ಹತ್ತಿರ ಹಿಡಿದುಕೊಂಡು, “ಸದ್ದೇ ಇಲ್ವಲ್ಲೇ. ಸದ್ದು ಬರ್ಲಿಲ್ಲ ಅಂದ್ರೆ ಸೆಲ್ಲು ಹೋಗಿದೆ ಅಂತ ಲೆಕ್ಕ. ಫ್ಲ್ಯಾಷ್ ಹೋಗಿದೆ ಅಂತ ಯಾರು ಹೇಳಿದ್ದು?” ಅಂದರು.

ಆ ಸದ್ದು ಏನೆಂದು ತಿಳಿದರೆ ಅರ್ಧ ರಿಪೇರಿ ತಿಳಿದ ಹಾಗೆ. ಸ್ವಿಚ್ ಒತ್ತಿದೊಡನೆ ಸಣ್ಣಗೆ ಶುರುವಾಗಿ ಏರುತ್ತ ಏರುತ್ತ ಕಿವಿಗೆ ನಿಲುಕದಷ್ಟು ಮೇಲೆ ಹೋಗುವ ಕುಯ್ಯೆನ್ನುವ ಸ್ವರ ಅದು. ಸೆಲ್ಲುಗಳು ಕೊಡುವುದು ಆರೇಳು ವೋಲ್ಟ್. ಕ್ಸೆನಾನ್ ಅನಿಲ ತುಂಬಿದ ಕೊಳವೆಯಲ್ಲಿ ಬೆಳಕು ಹೊಮ್ಮಬೇಕಾದರೆ ಮುನ್ನೂರು ವೋಲ್ಟಿಗೂ ಹೆಚ್ಚು ಬೇಕು. ಆದ್ದರಿಂದ ಸೆಲ್ಲಿನ ನೇರ ವಿದ್ಯುತ್ತನ್ನು ಒಂದು ಟ್ರಾನ್ಸಿಸ್ಟರ್ ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತದೆ. ಅಲ್ಲಿ ವೋಲ್ಟೇಜು ಏರಿ ಕೆಪ್ಯಾಸಿಟರ್ ಎಂಬ ಉಗ್ರಾಣಕ್ಕೆ ತುಂಬಿಕೊಳ್ಳುತ್ತದೆ. ನಾವು ಕೇಳುವುದು ಆ ಟ್ರಾನ್ಸ್‌ಫಾರ್ಮರಿನ ನಡುಕ. ತೆಳ್ಳನೆಯ ನಲ್ಲಿಯಿಂದ ಮನೆಯ ಮೇಲಿನ ಟ್ಯಾಂಕು ನಿಧಾನವಾಗಿ ತುಂಬಿ, ಆಮೇಲೆ ತಳದ ಮುಚ್ಚಳ ಒಮ್ಮೆಗೇ ಕಿತ್ತ ಹಾಗೆ ಉಳಿದ ಕೆಲಸ. ತುಂಬಲು ಹತ್ತು ಸೆಕೆಂಡ್, ಖಾಲಿಯಾಗಲು ಸೆಕೆಂಡಿನ ನೂರಾರು ಭಾಗಗಳಲ್ಲಿ ಒಂದು ಭಾಗ. ಬಟನ್ ಒತ್ತಿದಾಗ ಕೊಳವೆಯ ಹೊರಮೈಗೆ ಕೆಲವು ಸಾವಿರ ವೋಲ್ಟಿನ ಒಂದು ಕಿಡಿ ಮುಟ್ಟುತ್ತದೆ, ಒಳಗಿನ ಅನಿಲ ವಿದ್ಯುತ್ತಿಗೆ ದಾರಿ ಬಿಡುತ್ತದೆ, ಉಗ್ರಾಣ ಬರಿದಾಗುತ್ತದೆ. ಸಾವಿರ ಮೈಕ್ರೊಫ್ಯಾರಡಿನ ಕೆಪ್ಯಾಸಿಟರ್ 330 ವೋಲ್ಟಿಗೆ ತುಂಬಿದ್ದರೆ ಅದರಲ್ಲಿ 54 ಜೌಲ್ ಶಕ್ತಿ ಇರುತ್ತದೆ. ಮನುಷ್ಯನ ಎದೆಯ ಮೂಲಕ ಹಾದರೆ ಪ್ರಾಣಕ್ಕೆ ಅಪಾಯ ತರಬಲ್ಲಷ್ಟು. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಗರ್ಟನ್ 1931ರ ಹೊತ್ತಿಗೆ ಈ ವಿದ್ಯುತ್ ಮಿಂಚನ್ನು ಪಳಗಿಸಿದರು. ಅದಕ್ಕೂ ಮೊದಲು ಬೆಳಕಿಗೆ ಮೆಗ್ನೀಸಿಯಂ ಪುಡಿಯನ್ನು ಸುಡುತ್ತಿದ್ದರು. ಹಿಮಾಲಯದ ತಪ್ಪಲಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಹುಲಿ ನಡೆಯುವ ದಾರಿಗೆ ಅಡ್ಡ ತಂತಿ ಕಟ್ಟಿ, ಹುಲಿ ಎಡವಿದಾಗ ಪುಡಿ ಹೊತ್ತಿಕೊಳ್ಳುವಂತೆ ಮಾಡಿ, ರಾತ್ರಿಯ ಕಾಡಿನಲ್ಲಿ ಅದರ ಚಿತ್ರ ಪಡೆದರು. ಅವರ ಪುಸ್ತಕ ಬಂದದ್ದು 1927ರಲ್ಲಿ. ಪುಡಿ ಒಮ್ಮೆ ಉರಿದರೆ ಆ ರಾತ್ರಿಯ ಕೆಲಸ ಮುಗಿಯಿತು. ಒಂದೇ ರಾತ್ರಿಯಲ್ಲಿ ಮತ್ತೆ ಮತ್ತೆ ಮಿಂಚಬಲ್ಲ ಫ್ಲ್ಯಾಷ್ ಬಂದಮೇಲೆ ಕಾಡಿನ ಲೆಕ್ಕವೇ ಬದಲಾಯಿತು. ವಯನಾಡಿನ ತೋಲ್ಪೆಟ್ಟಿ ಕಾಡಿಗೆ ಅಂಟಿಕೊಂಡೇ ಇರುವ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಟ್ಟು, ಹುಲಿಯ ಎರಡೂ ಪಕ್ಕೆಯ ಪಟ್ಟೆಗಳನ್ನು ಹಿಡಿದು, ಒಂದೊಂದು ಹುಲಿಯನ್ನೂ ಬೇರೆ ಬೇರೆಯಾಗಿ ಗುರುತಿಸಿ ಎಣಿಸುವ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. ಇವತ್ತಿಗೂ ಹುಲಿಯ ಪಟ್ಟೆ ರಾತ್ರಿ ಸ್ಪಷ್ಟವಾಗಿ ಬೇಕೆಂದರೆ ಕ್ಸೆನಾನ್ ಬೆಳಕಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ನಡೆಯುವ ಪ್ರಾಣಿಯ ಪಟ್ಟೆ ಕಲಸಿಹೋಗುತ್ತದೆ. 2025ರ ಜನವರಿಯಲ್ಲಿ ಮಾನಂದವಾಡಿ ಬಳಿಯ ಪಂಚಾರಕೊಲ್ಲಿಯಲ್ಲಿ ಹುಲಿಯೊಂದು ಹೆಂಗಸನ್ನು ಕೊಂದಾಗ ಅರಣ್ಯ ಇಲಾಖೆಯವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಸುತ್ತಲೂ ಕ್ಯಾಮೆರಾ ಟ್ರ್ಯಾಪ್ ಕಟ್ಟಿದ್ದು. ಮದುವೆಮನೆಯ ಮಿಂಚೂ ಕಾಡುದಾರಿಯ ಮಿಂಚೂ ಒಂದೇ ಕುಲದ್ದು. ಎರಡೂ ಕಡೆ ಸೆಲ್ಲು ಕೈಕೊಟ್ಟರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ.

ಮೆಟ್ಜ್‌ನ ಹಿಡಿಕೆಯಿಂದ ಬ್ಯಾಟರಿ ಪ್ಯಾಕ್ ಹೊರಗೆ ಬಂತು. ಅಂಚಿನಲ್ಲಿ ಬಿಳಿ ಪುಡಿ, ತಾಮ್ರದ ಪಟ್ಟಿಯ ಮೇಲೆ ಹಸಿರು ಕಿಲುಬು. ಲಕ್ಕಿಡಿಯ ಕಡೆಯಿಂದ ಘಟ್ಟ ಹತ್ತುವ ಮುಂಗಾರಿನ ಮೋಡ ಈ ಜಿಲ್ಲೆಯಲ್ಲಿ ತಿಂಗಳುಗಟ್ಟಲೆ ಎಲ್ಲವನ್ನೂ ತೇವದಲ್ಲಿಡುತ್ತದೆ. ಲೆನ್ಸಿನೊಳಗೆ ಬೂಷ್ಟು ಹಿಡಿಯದ ಹಾಗೆ ಸ್ಟುಡಿಯೋದವರು ಬೀರುವಿನೊಳಗೆ ಸಣ್ಣ ಬಲ್ಬು ಉರಿಸಿಡುತ್ತಾರೆ. ಲೆನ್ಸಿಗೆ ತೋರುವ ಆ ಕಾಳಜಿಯನ್ನು ಸೆಲ್ಲಿಗೆ ತೋರಿಸಿದವರು ಕಡಿಮೆ. ನಿಕಲ್-ಕ್ಯಾಡ್ಮಿಯಂ ಸೆಲ್ಲಿನ ಒಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ತೀಕ್ಷ್ಣವಾದ ಕ್ಷಾರ. ಮುಚ್ಚಳದ ರಬ್ಬರು ಸೋತಾಗ ಅದು ಹೊರಗೆ ಒಸರಿ, ಗಾಳಿಯೊಡನೆ ಸೇರಿ ಬಿಳಿ ಉಪ್ಪಾಗುತ್ತದೆ. ತೇವ ಸಿಕ್ಕರೆ ಅಲ್ಲೇ ನಿಲ್ಲದೆ ವೈರಿನ ಒಳಗೆಲ್ಲ ಹರಡಿ ತಾಮ್ರವನ್ನು ತಿನ್ನುತ್ತದೆ. ಬರಿಗೈಯಲ್ಲಿ ಮುಟ್ಟಬಾರದು, ಮುಟ್ಟಿದ ಕೈಯಲ್ಲಿ ಕಣ್ಣುಜ್ಜಬಾರದು. ಕ್ಷಾರಕ್ಕೆ ಮದ್ದು ಹುಳಿ. ಹತ್ತಿಗೆ ಸ್ವಲ್ಪ ವಿನೆಗರ್ ಇಲ್ಲವೇ ನಿಂಬೆರಸ ತಾಗಿಸಿ ಒರೆಸಿ, ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಬಿಸಿಲಿಲ್ಲದ ಜುಲೈಯಲ್ಲಿ ಅಕ್ಕನ ಮನೆಯಲ್ಲಿ ಒಣಗಿಸಿದ್ದು ಒಲೆಯ ಬೆಚ್ಚನೆಯ ಗೂಡಿನಿಂದ ದೂರದಲ್ಲಿ, ಫ್ಯಾನಿನ ಕೆಳಗೆ.

ನಿಕಲ್-ಕ್ಯಾಡ್ಮಿಯಂ ಸೆಲ್ಲು ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಕಂಡುಕೊಂಡದ್ದು. ಫ್ಲ್ಯಾಷ್ ಮಾಡುವವರಿಗೆ ಇದು ಯಾಕೆ ಅಷ್ಟು ಇಷ್ಟವಾಯಿತು ಅಂದರೆ, ಕೇಳಿದಷ್ಟು ಕರೆಂಟನ್ನು ಕೇಳಿದೊಡನೆ ಕೊಡುವ ಗುಣದಿಂದ. ಸಾಮಾನ್ಯ ಪೆನ್ ಸೆಲ್ಲಿನಲ್ಲಿ ಶಕ್ತಿ ಹೆಚ್ಚಿದ್ದರೂ ಒಳತಡೆಯೂ ಹೆಚ್ಚು. ಖಾಲಿ ಕೆಪ್ಯಾಸಿಟರ್ ಒಮ್ಮೆಗೇ ಹಲವು ಆಂಪಿಯರ್ ಎಳೆಯುವಾಗ ಅದು ಬಸವಳಿಯುತ್ತದೆ. ಧಾರೆ ಎರೆಯುವ ಹೊತ್ತಿಗೆ ಒಂದು ಫೋಟೊ ತೆಗೆದು ಇನ್ನೊಂದಕ್ಕೆ ಹದಿನೈದು ಸೆಕೆಂಡ್ ಕಾಯಬೇಕೆಂದರೆ ಮುಹೂರ್ತವೇ ದಾಟಿರುತ್ತದೆ. ನಿಕಲ್-ಕ್ಯಾಡ್ಮಿಯಂ ಸೆಲ್ಲು 1.2 ವೋಲ್ಟನ್ನೇ ಕೊಟ್ಟರೂ ಕೊನೆಯತನಕ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಕೊಡುತ್ತದೆ. ಮೆಟ್ಜ್ ಪ್ಯಾಕಿನೊಳಗೆ ಇಂಥ ಆರು ಸೆಲ್ಲು, ಒಟ್ಟು 7.2 ವೋಲ್ಟ್.

ಸಾಯುವ ರೀತಿಯಲ್ಲೂ ಇವಕ್ಕೆ ಒಂದು ಕ್ರಮವಿದೆ. ಆರೂ ಒಟ್ಟಿಗೆ ಸಾಯುವುದಿಲ್ಲ. ಸಾಲಾಗಿ ಜೋಡಿಸಿದ ಸೆಲ್ಲುಗಳಲ್ಲಿ ಒಂದು ಸ್ವಲ್ಪ ಬಡವಾಗಿದ್ದರೆ ಅದು ಮೊದಲು ಬರಿದಾಗುತ್ತದೆ. ಉಳಿದ ಐದು ಇನ್ನೂ ಕರೆಂಟು ನೂಕುತ್ತಲೇ ಇರುವುದರಿಂದ ಬರಿದಾದ ಸೆಲ್ಲಿನ ಧನ ಋಣಗಳು ತಲೆಕೆಳಗಾಗುತ್ತವೆ. ಮುಂದಿನ ಸಲ ಅದು ಇನ್ನೂ ಬೇಗ ಬರಿದಾಗುತ್ತದೆ. ಹೀಗೇ ಒಂದು ಸೆಲ್ಲಿನ ಬಡತನ ಇಡೀ ಸಾಲನ್ನು ಮುಗಿಸುತ್ತದೆ. ಇನ್ನು ವರ್ಷಗಟ್ಟಲೆ ಚಾರ್ಜಿಲ್ಲದೆ ಬಿದ್ದಿದ್ದರೆ ಒಳಗೆ ಕ್ಯಾಡ್ಮಿಯಂನ ಕೂದಲೆಳೆಯಂಥ ಹರಳುಗಳು ಬೆಳೆದು, ನಡುವಿನ ಪದರವನ್ನು ತೂತು ಮಾಡಿ, ಎರಡೂ ಕಡೆಯನ್ನು ಮುಟ್ಟಿಸಿಬಿಡುತ್ತವೆ. ಮಲ್ಟಿಮೀಟರ್ ಹಿಡಿದರೆ ಸೊನ್ನೆ. ಅಂಥ ಸೆಲ್ಲಿಗೆ ಜೋರಾಗಿ ಕರೆಂಟು ಹೊಡೆದು ಆ ಎಳೆಗಳನ್ನು ಸುಟ್ಟು ಬದುಕಿಸುವ ಹಳೆಯ ಉಪಾಯವೊಂದಿದೆ. ಬದುಕುತ್ತದೆ, ಕೆಲವು ವಾರಕ್ಕೆ. ತೂತಾದ ಪದರ ತೂತಾಗಿಯೇ ಇರುತ್ತದೆ. ಆ ಉಪಾಯದಲ್ಲಿ ಸೆಲ್ಲು ಸಿಡಿಯುವ ಅಪಾಯವೂ ಇದೆ. ನನಗೆ ಅದು ಬೇಡ.

ಪ್ಯಾಕ್ ಬಿಚ್ಚಿದ ಮೇಲೆ ನಾವು ಆರೂ ಸೆಲ್ಲು ಅಳೆದಾಗ ಎರಡು ಸೊನ್ನೆ, ಒಂದು ತಿರುಗುಮುರುಗು. ಅಕ್ಕನ ಮಗಳು ಕೇಳಿದ್ದು ಸಹಜವಾದ ಪ್ರಶ್ನೆ: “ಆ ಮೂರನ್ನ ಮಾತ್ರ ಹೊಸದು ಹಾಕಿದ್ರೆ ಸಾಲ್ದಾ?” ಸಾಲದು. ಹಳೆಯದರ ಜೊತೆ ಹೊಸದನ್ನು ಕಟ್ಟಿದರೆ ಹಳೆಯದೇ ಮತ್ತೆ ಬಡವನಾಗಿ ಹೊಸದನ್ನೂ ಕೆಡಿಸುತ್ತದೆ. ಹಾಕುವುದಾದರೆ ಆರೂ ಹೊಸದು, ಒಂದೇ ಕಂಪನಿಯದು, ಒಂದೇ ದಿನ ಕೊಂಡದ್ದು.

ಇಲ್ಲಿ ಒಂದು ಸುಲಭದ ದಾರಿಯನ್ನು ಮೊದಲೇ ಹೇಳಿಬಿಡುತ್ತೇನೆ. ಮೆಟ್ಜ್ 45ಕ್ಕೆ ಮುಚ್ಚಿದ ಪ್ಯಾಕಿನ ಬದಲು ಬಿಡಿ ಪೆನ್ ಸೆಲ್ಲುಗಳನ್ನು ಹಾಕುವ ಖಾಲಿ ಬುಟ್ಟಿಯೂ ಇದೆ. ಹಳೆಯ ಸ್ಟುಡಿಯೋಗಳಲ್ಲಿ ಕೇಳಿದರೆ ಡ್ರಾಯರಿನ ಮೂಲೆಯಲ್ಲಿ ಒಂದು ಸಿಕ್ಕರೂ ಸಿಕ್ಕೀತು. ಸಿಕ್ಕರೆ ಮತ್ತೇನೂ ಒಡೆಯುವ, ಬೆಸೆಯುವ ಕೆಲಸವಿಲ್ಲ. ಆರು ಒಳ್ಳೆಯ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲು ತುಂಬಿಸಿ, ಚಾರ್ಜು ಮಾಡುವಾಗ ಹೊರಗೆ ತೆಗೆದು ಅವುಗಳದೇ ಚಾರ್ಜರಿನಲ್ಲಿ ಹಾಕಿದರಾಯಿತು. ನಾಲ್ಕು ಪೆನ್ ಸೆಲ್ಲು ಹಾಕುವ ವಿವಿಟಾರ್ 283ರಂಥ ಫ್ಲ್ಯಾಷ್‌ಗಳಿಗಂತೂ ಇದೇ ದಾರಿ. ನಮಗೆ ಬುಟ್ಟಿ ಸಿಗಲಿಲ್ಲ. ಹಾಗಾಗಿ ಪ್ಯಾಕನ್ನೇ ಬಿಚ್ಚಬೇಕಾಯಿತು.

ಸೆಲ್ಲು ಕೊಳ್ಳುವಾಗ ಎಚ್ಚರ ಬೇಕಾದದ್ದು ಬೆಲೆಯ ವಿಷಯಕ್ಕಿಂತ ಜಾತಿಯ ವಿಷಯದಲ್ಲಿ. ನಿಕಲ್-ಮೆಟಲ್ ಹೈಡ್ರೈಡ್ 1989ರ ಸುಮಾರಿಗೆ ಮಾರುಕಟ್ಟೆಗೆ ಬಂತು. ಅದೇ ಅಳತೆ, ಅದೇ 1.2 ವೋಲ್ಟ್, ಕ್ಯಾಡ್ಮಿಯಂ ಇಲ್ಲ. ಹಳೆಯ ಪೆನ್ ಸೆಲ್ ಅಳತೆಯ ನಿಕಲ್-ಕ್ಯಾಡ್ಮಿಯಂನಲ್ಲಿ ಐನೂರು ಆರುನೂರು ಮಿಲಿಆಂಪಿಯರ್-ಗಂಟೆ ಇದ್ದರೆ ಇದರಲ್ಲಿ ಎರಡು ಸಾವಿರ. ಮೊದಮೊದಲು ಇದಕ್ಕೊಂದು ಕೆಟ್ಟ ಚಾಳಿಯಿತ್ತು: ಸುಮ್ಮನಿಟ್ಟರೂ ವಾರಗಳಲ್ಲಿ ತಾನೇ ಬರಿದಾಗುತ್ತಿತ್ತು. 2005ರಲ್ಲಿ ಸ್ಯಾನ್ಯೋ ಕಂಪನಿ ಎನೆಲೂಪ್ ತಂದಮೇಲೆ ಆ ದೂರು ಬಹುಮಟ್ಟಿಗೆ ಹೋಯಿತು. ಈಗ ಅದು ಪ್ಯಾನಸಾನಿಕ್ ಹೆಸರಿನಲ್ಲಿ ಬರುತ್ತದೆ. ವರ್ಷದಲ್ಲಿ ನಾಲ್ಕೈದು ಸಲ ಮಾತ್ರ ಫ್ಲ್ಯಾಷ್ ತೆಗೆಯುವ ಮನೆಗೆ ಇಂಥ ಸೆಲ್ಲೇ ಸರಿ. ಮೈಮೇಲೆ 4000, 5000 ಎಂದು ಅಚ್ಚು ಹಾಕಿದ ಅಗ್ಗದ ಪೆನ್ ಸೆಲ್ಲುಗಳನ್ನು ನಂಬಬೇಡಿ. ಆ ಅಳತೆಯ ಡಬ್ಬಿಯೊಳಗೆ ಅಷ್ಟು ಹಿಡಿಸುವುದೇ ಇಲ್ಲ. ಒಳ್ಳೆಯ ಸೆಲ್ಲು 26-27 ಗ್ರಾಂ ತೂಗುತ್ತದೆ. ಸುಳ್ಳು ಸೆಲ್ಲು ಕೈಯಲ್ಲಿ ಹಿಡಿದರೇ ಹಗುರ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಪೆನ್ ಸೆಲ್ಲಿನದೇ ಅಳತೆಯಲ್ಲಿ 3.7 ವೋಲ್ಟಿನ ಲಿಥಿಯಂ ಸೆಲ್ಲುಗಳು ಟಾರ್ಚಿಗೆಂದು ಅಂಗಡಿಗೆ ಬಂದಿವೆ. ನೋಡಲು ಒಂದೇ. ಆರು ಹಾಕಿದರೆ ಏಳು ವೋಲ್ಟ್ ಬೇಕಾದ ಕಡೆ ಇಪ್ಪತ್ತೆರಡು ವೋಲ್ಟ್ ನುಗ್ಗುತ್ತದೆ, ನಲವತ್ತು ವರ್ಷ ಉಳಿದು ಬಂದ ಸರ್ಕೀಟು ಕ್ಷಣದಲ್ಲಿ ಸುಟ್ಟುಹೋಗುತ್ತದೆ. 1.5 ವೋಲ್ಟ್ ಎಂದು ಬರೆದ ರೀಚಾರ್ಜಬಲ್ ಲಿಥಿಯಂ ಪೆನ್ ಸೆಲ್ಲುಗಳೂ ಫ್ಲ್ಯಾಷಿಗೆ ಒಗ್ಗುವುದು ಕಷ್ಟ. ಅವುಗಳ ಹೊಟ್ಟೆಯಲ್ಲಿ ವೋಲ್ಟೇಜ್ ಇಳಿಸುವ ಪುಟ್ಟ ಸರ್ಕೀಟು ಇರುತ್ತದೆ, ಫ್ಲ್ಯಾಷ್ ಕೇಳುವ ಕರೆಂಟಿಗೆ ಹೆದರಿ ಅದು ಬಾಗಿಲು ಹಾಕಿಕೊಳ್ಳುತ್ತದೆ.

ಪ್ಯಾಕಿಗೆ ಬೇಕಾದದ್ದು ತುದಿಗಳಿಗೆ ನಿಕಲ್ ಪಟ್ಟಿ ಬೆಸೆದೇ ಬರುವ ಸೆಲ್ಲು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದರೆ ಸಿಗುತ್ತದೆ. ಕಲ್ಪೆಟ್ಟದಿಂದ ಅಲ್ಲಿಗೆ ಹೋಗಿಬರುವುದು ಸುಲಭವಲ್ಲ. ಬಂಡೀಪುರದ ಮೂಲಕ ಹೋಗುವ 766ನೇ ಹೆದ್ದಾರಿ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಹಾಗಾಗಿ ಹೊತ್ತು ನೋಡಿಕೊಂಡು ಹೊರಡಬೇಕು, ಅಥವಾ ಮೈಸೂರಿನ ನೆಂಟರ ಕೈಯಲ್ಲಿ ತರಿಸಬೇಕು. ನಾವು ತರಿಸಿದೆವು.

ಪಟ್ಟಿಯಿಲ್ಲದ ಸೆಲ್ಲಿಗೆ ನೇರವಾಗಿ ಸೋಲ್ಡರಿಂಗ್ ಐರನ್ ಮುಟ್ಟಿಸುವವರಿದ್ದಾರೆ. ಸೆಲ್ಲಿನ ಧನ ತುದಿಯ ಕೆಳಗೆ ಒತ್ತಡ ಬಿಡುವ ಸಣ್ಣ ಕಿಂಡಿ ಮತ್ತು ಪ್ಲಾಸ್ಟಿಕ್ಕಿನ ಮುದ್ರೆ ಇರುತ್ತವೆ. ಆ ಕಾವಿಗೆ ಎರಡೂ ಕರಗುತ್ತವೆ. ಹೊಸ ಸೆಲ್ಲು ಮೊದಲ ದಿನವೇ ಸೋರಲು ಶುರು. ಪಟ್ಟಿಗೆ ಪಟ್ಟಿ ಬೆಸೆಯುವುದು, ಅದೂ ಕ್ಷಣದಲ್ಲಿ ಮುಗಿಸುವುದು, ಮೊಬೈಲ್ ರಿಪೇರಿ ಬಲ್ಲ ಯಾರಿಗಾದರೂ ಬರುವ ಕೆಲಸ. ಭಾವನಿಗೆ ಪರಿಚಯದ, ಬತ್ತೇರಿ ಪೇಟೆಯ ರಿಪೇರಿ ಅಂಗಡಿಯವರು ತಮ್ಮ ಮೇಜಿನ ಮೇಲೆ ಇದನ್ನು ಮಾಡಿಕೊಟ್ಟರು. ಅವರು ಮಲಯಾಳದಲ್ಲಿ ಕೇಳುತ್ತಾರೆ, ಭಾವ ಕನ್ನಡ ಬೆರೆಸಿದ ಮಲಯಾಳದಲ್ಲಿ ಹೇಳುತ್ತಾರೆ, ಕೆಲಸ ಮಾತ್ರ ಎಲ್ಲೂ ತಡೆಯದೆ ನಡೆಯುತ್ತಿತ್ತು. “ಚೇಟ್ಟಾ, ಆ ಕಾಗದದ ಉಂಗುರ ಬಿಡ್ಬೇಡಿ” ಎಂದು ಭಾವ ನೆನಪಿಸುವ ಮೊದಲೇ ಅವರು ಪ್ರತಿ ಸೆಲ್ಲಿನ ಧನ ತುದಿಗೂ ಉಂಗುರ ಹಾಕಿಯಾಗಿತ್ತು. ಬೆಸೆದ ಪಟ್ಟಿ ಸೆಲ್ಲಿನ ಅಂಚಿಗೆ ತಾಗಿದರೆ ಅಲ್ಲೇ ಶಾರ್ಟ್. ಉಂಗುರ ಅದನ್ನು ತಡೆಯುತ್ತದೆ. ಹಳೆಯ ಪ್ಯಾಕಿನಲ್ಲಿ ಸೆಲ್ಲುಗಳ ನಡುವೆ ಫ್ಯೂಸಿನಂಥ, ಶಾಖಕ್ಕೆ ಕರೆಂಟು ಕಡಿಯುವ ಸಣ್ಣ ತುಣುಕೇನಾದರೂ ಇದ್ದರೆ ಅದನ್ನು ಕಿತ್ತೆಸೆಯದೆ ಮತ್ತೆ ಅದೇ ಜಾಗಕ್ಕೆ ಕೂರಿಸಬೇಕು. ಪ್ಯಾಕಿನ ಪ್ಲಾಸ್ಟಿಕ್ ಗೂಡನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಅದನ್ನು ಸೀಳುಗೆರೆಯ ಉದ್ದಕ್ಕೂ ತೆಳ್ಳನೆಯ ಬ್ಲೇಡಿನಿಂದ ನಿಧಾನವಾಗಿ ಬಿಡಿಸುವುದರಲ್ಲೇ ಅರ್ಧ ಹೊತ್ತು ಹೋಯಿತು. ಅವಸರದಲ್ಲಿ ಗೂಡು ಒಡೆದರೆ ಹೊಸ ಸೆಲ್ಲು ಕೂರಲು ಮನೆಯೇ ಇಲ್ಲ.

ಚಾರ್ಜರಿನ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ನಿಕಲ್-ಕ್ಯಾಡ್ಮಿಯಂ ಕಾಲದ ನಿಧಾನದ ಚಾರ್ಜರ್ ಸೆಲ್ಲಿನ ಬಲದ ಹತ್ತನೇ ಒಂದು ಪಾಲು ಕರೆಂಟನ್ನು ಹದಿನಾಲ್ಕು ಗಂಟೆ ಕೊಡುವಂತೆ ಮಾಡಿದ್ದು. ಐನೂರರ ಸೆಲ್ಲಿಗೆ ಐವತ್ತು ಮಿಲಿಆಂಪಿಯರ್. ಅದೇ ಚಾರ್ಜರಿಗೆ ಎರಡು ಸಾವಿರದ ಹೊಸ ಸೆಲ್ಲು ಹಾಕಿದರೆ ತುಂಬಲು 56 ಗಂಟೆ ಬೇಕು. ಸೆಲ್ಲು ಕೆಡುವುದಿಲ್ಲ. ರಾತ್ರಿ ಹಾಕಿ ಬೆಳಿಗ್ಗೆ ತೆಗೆದು, ಹೊಸ ಸೆಲ್ಲೂ ದಂಡ ಎಂದು ಬೈಯುವವರು ಇಲ್ಲಿ ಎಡವುತ್ತಾರೆ. ಬೇಗ ತುಂಬಿಸುವ ಹಳೆಯ ಚಾರ್ಜರುಗಳ ಅಪಾಯ ಇದಕ್ಕೆ ತದ್ವಿರುದ್ಧ. ಸೆಲ್ಲು ತುಂಬಿದಾಗ ವೋಲ್ಟೇಜು ಒಂದಿಷ್ಟು ಕುಸಿಯುವುದನ್ನು ನೋಡಿ ಅವು ನಿಲ್ಲುತ್ತವೆ. ಹೈಡ್ರೈಡ್ ಸೆಲ್ಲಿನಲ್ಲಿ ಆ ಕುಸಿತ ಬಹಳ ಸಣ್ಣದು, ಹಳೆಯ ಚಾರ್ಜರಿನ ಕಣ್ಣಿಗೆ ಬೀಳದೆ ಹೋಗಬಹುದು. ಆಗ ಸೆಲ್ಲು ಬಿಸಿಯಾಗುತ್ತಲೇ ಹೋಗುತ್ತದೆ. ಆದ್ದರಿಂದ ಬೇಗ ತುಂಬಿಸುವ ಹಳೆಯ ಚಾರ್ಜರನ್ನು ಹೊಸ ಪ್ಯಾಕಿಗೆ ಬಳಸಬೇಡಿ.

ಸೆಲ್ಲು ಹಾಕಿದೊಡನೆ ಪೂರ್ತಿ ಬಲದಲ್ಲಿ ಮಿಂಚಿಸಿ ನೋಡುವ ಆಸೆಯನ್ನು ತಡೆಯಬೇಕು. ಕೆಪ್ಯಾಸಿಟರಿನೊಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ಆಕ್ಸೈಡಿನ ಅತಿ ತೆಳ್ಳನೆಯ ಪದರವಿದೆ. ವಿದ್ಯುತ್ತು ಅತ್ತಿತ್ತ ಸೋರದಂತೆ ತಡೆಯುವುದು ಅದೇ. ವರ್ಷಗಟ್ಟಲೆ ಬಳಸದಿದ್ದರೆ ಆ ಪದರ ಸವೆಯುತ್ತದೆ, ನಿಧಾನವಾಗಿ ವೋಲ್ಟೇಜು ಕೊಟ್ಟರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಅರ್ಧ ಸವೆದ ಪೆನ್ ಸೆಲ್ಲುಗಳಲ್ಲಿ ಫ್ಲ್ಯಾಷ್ ಹಚ್ಚಿ, ತಯಾರಾಯಿತೆಂದು ತೋರಿಸುವ ದೀಪ ಹತ್ತಿದ ಮೇಲೂ ಮಿಂಚಿಸದೆ ಕೆಲವು ನಿಮಿಷ ಬಿಟ್ಟು ಆರಿಸಿ, ಮತ್ತೆ ಹಚ್ಚಿ, ಹೀಗೆ ಹಲವು ಸಲ ಮಾಡುವುದು ರಿಪೇರಿಯವರ ಕ್ರಮ. ಆಮೇಲೆ ಕಡಿಮೆ ಬಲದ ಮಿಂಚು, ಕೊನೆಗೆ ಪೂರ್ತಿ ಬಲ. ಮೊದಮೊದಲು ತಯಾರಿನ ದೀಪ ಹತ್ತಲು ತುಂಬ ಹೊತ್ತು ಹಿಡಿದರೆ ಗಾಬರಿ ಬೇಡ. ಸಲದಿಂದ ಸಲಕ್ಕೆ ಬೇಗವಾಗುತ್ತ ಬರುತ್ತದೆ. ಫ್ಲ್ಯಾಷನ್ನು ಬೀರುವಿನಲ್ಲಿ ಇಡುವವರು ತಿಂಗಳಿಗೊಮ್ಮೆ ತೆಗೆದು ನಾಲ್ಕು ಸಲ ಮಿಂಚಿಸಿದರೆ ಈ ಪಾಡೇ ಇರುವುದಿಲ್ಲ.

ಬ್ಯಾಟರಿಯ ಗೂಡನ್ನು ಬಿಚ್ಚುವುದು ಬೇರೆ, ಫ್ಲ್ಯಾಷಿನ ತಲೆಯನ್ನೋ ಹಿಡಿಕೆಯನ್ನೋ ಬಿಚ್ಚುವುದು ಬೇರೆ. ಎರಡನೆಯದಕ್ಕೆ ಮನೆಯಲ್ಲಿ ಕೈ ಹಾಕಲೇಬೇಡಿ. ಆ 54 ಜೌಲ್ ಸೆಲ್ಲು ತೆಗೆದಮೇಲೂ ಕೆಪ್ಯಾಸಿಟರಿನಲ್ಲಿ ದಿನಗಟ್ಟಲೆ ಉಳಿದಿರಬಹುದು. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಚಟಾರನೆ ಖಾಲಿ ಮಾಡುವುದನ್ನು ಕಂಡಿದ್ದೇನೆ. ಅದರಿಂದ ಕೆಪ್ಯಾಸಿಟರಿಗೂ ಪೆಟ್ಟು, ಕಣ್ಣಿಗೂ ಅಪಾಯ. ಬಲ್ಲ ರಿಪೇರಿಯವರು ರೆಸಿಸ್ಟರ್ ಅಥವಾ ಹಳೆಯ ತಂತಿಬಲ್ಬಿನ ಮೂಲಕ ನಿಧಾನವಾಗಿ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಇಡುತ್ತಾರೆ. ಅಂಥವರ ಹತ್ತಿರವೇ ಕೊಡಿ.

ಬದುಕಿದ ಫ್ಲ್ಯಾಷನ್ನು ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸುವ ಮೊದಲೂ ಒಂದು ಅಳತೆ ಬೇಕು. ಹಳೆಯ ಕ್ಯಾಮೆರಾಗಳಲ್ಲಿ ಫ್ಲ್ಯಾಷ್ ಹೊತ್ತಿಸುತ್ತಿದ್ದದ್ದು ಲೋಹದ ಸಂಪರ್ಕ. ಅದರ ಮೇಲೆ ಇನ್ನೂರು ಚಿಲ್ಲರೆ ವೋಲ್ಟ್ ಬಿದ್ದರೂ ತೊಂದರೆಯಿರಲಿಲ್ಲ. ಇಂದಿನ ಕ್ಯಾಮೆರಾದಲ್ಲಿ ಆ ಜಾಗದಲ್ಲಿರುವುದು ಸೂಕ್ಷ್ಮ ಸರ್ಕೀಟು. ಅಂತರರಾಷ್ಟ್ರೀಯ ಮಾನಕ ಹೇಳುವ ಮಿತಿ 24 ವೋಲ್ಟ್. ಮೊದಲ ತಲೆಮಾರಿನ 45 ಸಿಟಿ-1, ಜಪಾನಿನಲ್ಲಿ ಮಾಡಿದ ಹಳೆಯ ವಿವಿಟಾರ್ 283, ಇವು ಆ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತವೆ. ಅದೇ ಹೆಸರಿನ ನಂತರದ ತಯಾರಿಕೆಗಳು ಸೌಮ್ಯ. ಹೊರಗಿನಿಂದ ನೋಡಿ ಹೇಳಲಾಗದು, ತಯಾರಾದ ಫ್ಲ್ಯಾಷಿನ ಸಂಪರ್ಕದ ತುದಿಗಳಿಗೆ ಮೀಟರ್ ಹಿಡಿದೇ ತಿಳಿಯಬೇಕು. ಭಾವನ ಮೆಟ್ಜ್ ಹಳೆಯ ಪೈಕಿಯದು. ಅದು ಈಗ ಕೆ1000ದ ಜೊತೆಗೇ ಇದೆ, ಸೆಕೆಂಡಿನ ಅರವತ್ತನೇ ಒಂದು ಭಾಗದ ಷಟರಿನಲ್ಲಿ. ಅಕ್ಕನ ಮಗಳು ಮಳೆ ಬಿಟ್ಟ ಸಂಜೆ ಬಸದಿಯ ಮುಂದೆ ಮೊದಲ ರೋಲ್ ಮುಗಿಸಿದ್ದಾಳೆ.

ಉಳಿದದ್ದು ಆ ಆರು ಹಳೆಯ ಸೆಲ್ಲು. ಈ ಇಡೀ ಕೆಲಸದಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಅವೇ.

ಕ್ಯಾಡ್ಮಿಯಂ ಒಮ್ಮೆ ಮಣ್ಣು ಸೇರಿದರೆ ಕರಗಿ ಕೊಳೆತು ಇಲ್ಲವಾಗುವ ವಸ್ತು ಅಲ್ಲ. ಭತ್ತದ ಗಿಡ ಅದನ್ನು ಬೇರಿನಿಂದ ಹೀರಿ ಕಾಳಿಗೆ ತಲುಪಿಸುತ್ತದೆ, ಕಾಳು ತಿಂದವರ ಮೂತ್ರಪಿಂಡದಲ್ಲಿ ಅದು ದಶಕಗಳ ಕಾಲ ಕೂರುತ್ತದೆ. ಜಪಾನಿನ ತೊಯಾಮಾದಲ್ಲಿ ಗಣಿಯ ಕ್ಯಾಡ್ಮಿಯಂ ಜಿಂಜು ನದಿಗೆ ಸೇರಿ, ಆ ನೀರುಂಡ ಗದ್ದೆಯ ಅಕ್ಕಿ ತಿಂದ ಹೆಂಗಸರ ಮೂಳೆಗಳು ಮೆತ್ತಗಾಗಿ, ಕೆಮ್ಮಿದರೂ ಮುರಿಯುವಂತಾಗಿದ್ದವು. ನೋವಿನಿಂದ ಕೂಗುತ್ತಿದ್ದ ಕೂಗೇ ಆ ರೋಗದ ಹೆಸರಾಯಿತು, ಇತಾಯಿ-ಇತಾಯಿ. ಜಪಾನ್ ಸರ್ಕಾರ ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ. ಗಣಿಯ ಪ್ರಮಾಣಕ್ಕೂ ಆರು ಸೆಲ್ಲಿಗೂ ಹೋಲಿಕೆ ಇಲ್ಲ, ನಿಜ. ಆದರೆ ವಯನಾಡಿನ ಗುಡ್ಡಗಳ ನಡುವಿನ ಪ್ರತಿ ತಗ್ಗೂ ಗದ್ದೆಯೇ. ತೋಟದ ಮೂಲೆಯಲ್ಲಿ ಹೂತ ಸೆಲ್ಲಿನ ಮೇಲೆ ಬಿದ್ದ ಮಳೆ ಇಳಿಯುವುದು ಅಲ್ಲಿಗೇ. ಪನಮರಂ ಹೊಳೆಯೂ ಮಾನಂದವಾಡಿ ಹೊಳೆಯೂ ಕೂಡಿ ಕಬಿನಿಯಾಗಿ ಪೂರ್ವಕ್ಕೆ ಹರಿದು, ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ ಅಣೆಕಟ್ಟಿಗೆ ಸೇರಿ, ನಂಜನಗೂಡು ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಕೂಡುತ್ತದೆ. ಕಲ್ಪೆಟ್ಟದಲ್ಲಿ ಎಸೆದದ್ದು ಮೈಸೂರು ಸೀಮೆಯವರ ಪಾಲಿಗೂ ಬರುತ್ತದೆ.

ಕಾನೂನು ಇಲ್ಲಿ ತಡವಾಗಿಯೇ ಬಂತು. 2001ರ ಬ್ಯಾಟರಿ ನಿಯಮಗಳು ಹಿಡಿದದ್ದು ಸೀಸ-ಆಮ್ಲದ ಬ್ಯಾಟರಿಗಳನ್ನು ಮಾತ್ರ. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಪೆನ್ ಸೆಲ್ಲಿನಿಂದ ಹಿಡಿದು ಕಾರಿನ ಬ್ಯಾಟರಿಯವರೆಗೆ ಎಲ್ಲ ಜಾತಿಯನ್ನೂ ಒಳಗೊಂಡಿವೆ, ಮಾಡಿ ಮಾರುವವರೇ ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆ ಹೊರಬೇಕೆಂದು ಹೇಳುತ್ತವೆ. ಅದು ಒಳ್ಳೆಯ ನಿಯಮ. ಆದರೆ ನಲವತ್ತು ವರ್ಷ ಹಿಂದೆ ಜರ್ಮನಿಯಿಂದ ಬಂದ ಪ್ಯಾಕಿನ ಸೆಲ್ಲನ್ನು ಯಾವ ಮಾರಾಟಗಾರ ಹಿಂದಕ್ಕೆ ಪಡೆಯುತ್ತಾನೆ? ಕೇರಳದ ಪುಣ್ಯಕ್ಕೆ ಇಲ್ಲಿ ಹರಿತ ಕರ್ಮ ಸೇನೆಯ ಹೆಂಗಸರಿದ್ದಾರೆ. ಮನೆಮನೆಗೆ ಬಂದು ಒಣ ಕಸ ಒಯ್ಯುತ್ತಾರೆ, ಇ-ತ್ಯಾಜ್ಯಕ್ಕೂ ಅವರ ಮೂಲಕ ದಾರಿಯಿದೆ. ಅಕ್ಕ ಆ ಆರು ಸೆಲ್ಲಿನ ತುದಿಗಳಿಗೆ ಟೇಪು ಸುತ್ತಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಒಳಗೆ ಏನಿದೆ ಎಂದು ಮೇಲೆ ಬರೆದು ಕೊಟ್ಟರು. ಹಾಗೆ ಬರೆಯುವುದು ಮುಖ್ಯ. ಪಡೆಯುವ ಕೈಗೆ ಅದು ಕ್ಷಾರ ಒಸರುವ ಸೆಲ್ಲೆಂದು ಗೊತ್ತಿರಬೇಕು.

ಕಲ್ಪೆಟ್ಟ, ಬತ್ತೇರಿ, ಮಾನಂದವಾಡಿಯ ಹಳೆಯ ಸ್ಟುಡಿಯೋಗಳಲ್ಲಿ ಫಿಲ್ಮ್ ಕಾಲದ ಪ್ಯಾಕುಗಳು ಇನ್ನೂ ಕಪಾಟಿನಲ್ಲಿವೆ. ಮಾಲೀಕರು ಅಂಗಡಿ ಮುಚ್ಚುವ ದಿನ ಅವು ಒಂದೇ ಗೋಣಿಯಲ್ಲಿ ಗುಜರಿಗೆ ಹೋಗುತ್ತವೆ. ಅದಕ್ಕೆ ಮೊದಲೇ ಫೋಟೊಗ್ರಾಫರುಗಳ ಸಂಘದವರೂ ಗ್ರಾಮ ಪಂಚಾಯಿತಿ, ನಗರಸಭೆಗಳೂ ಕೂತು ಮಾತಾಡಿ, ಪ್ರತಿ ಸ್ಟುಡಿಯೋದ, ಪ್ರತಿ ರಿಪೇರಿ ಅಂಗಡಿಯ ಕೌಂಟರಿನ ಮೇಲೆ ಹಳೆಯ ಸೆಲ್ಲಿಗೆಂದೇ ಒಂದು ಡಬ್ಬಿ ಇಡಿಸಬೇಕು, ತುಂಬಿದ ಡಬ್ಬಿಯನ್ನು ಹರಿತ ಕರ್ಮ ಸೇನೆ ಒಯ್ಯುವ ದಿನವನ್ನು ಗೊತ್ತು ಮಾಡಬೇಕು. ಗುಂಡ್ಲುಪೇಟೆಯಲ್ಲೂ ಹೆಗ್ಗಡದೇವನಕೋಟೆಯಲ್ಲೂ ಅದೇ ಡಬ್ಬಿ ಬೇಕು. ಬತ್ತೇರಿಯ ಆ ರಿಪೇರಿಯವರಿಗೆ ಭಾವ ಈ ಮಾತು ಹೇಳಿದಾಗ ಅವರು ಮೇಜಿನ ಕೆಳಗಿಂದ ಸೆಲ್ಲು ತುಂಬಿದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ತೋರಿಸಿದರು. ಎಲ್ಲಿಗೆ ಕೊಡಬೇಕೆಂದು ಯಾರೂ ಹೇಳದ ಕಾರಣ ವರ್ಷಗಳಿಂದ ಹಾಗೇ ಇಟ್ಟುಕೊಂಡಿದ್ದರಂತೆ.